ಎರಡು ನಾಯಿ ಕಾದಂಬರಿ, ಒಂದು ವಾರದ ರಜೆ

ಮಗಳು ಇಂಗ್ಲಿಷ್ ಎಂ.ಎ. ಓದುತ್ತಿದ್ದರೆ ಅಪ್ಪಂದಿರಿಗೆ ಹೆಮ್ಮೆ ಇರುತ್ತದೆ ಎಂದು ಜನ ತಿಳಿಯುತ್ತಾರೆ. ನಮ್ಮ ಅಪ್ಪನಿಗೆ ಇದ್ದದ್ದು ಅನುಮಾನ. ಮದ್ರಾಸಿನ ಎಗ್ಮೋರ್ ಸ್ಟೇಷನ್ನಿನಿಂದ ಸೂಟ್‌ಕೇಸ್ ಹಿಡಿದು ನಡೆದು ಬರುವಷ್ಟು ದೂರದಲ್ಲಿ ನಮ್ಮ ಸಸ್ಯಾಹಾರಿ ಹೋಟೆಲು; ಕೆಳಗೆ ಹೋಟೆಲು, ಮೇಲೆ ಮನೆ. ತೊಂಬತ್ತರ ದಶಕದ ಕೊನೆಯ ಮಾತು. ಕಾಲೇಜಿನಿಂದ ಬಂದವಳು ಗಲ್ಲಾಪೆಟ್ಟಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತು ಕಾಫಿ ಕುಡಿಯುವಾಗ ಅಪ್ಪ ದಿನವೂ ವಿಚಾರಣೆ ನಡೆಸುತ್ತಿದ್ದರು.

"ಈ ಸಲ ಎಂತ ಬರೀಲಿಕ್ಕೆ ಕೊಟ್ಟಿದ್ದಾರೆ?"

"ಎರಡು ಕಾದಂಬರಿ ಹೋಲಿಸಿ ಬರೀಬೇಕು ಅಪ್ಪ. ಎರಡೂ ನಾಯಿ ಕಥೆ."

ಚಿಲ್ಲರೆ ಕೊಡುತ್ತಿದ್ದ ಕೈ ನಿಂತಿತು. "ನಾಯಿ?"

"ಉತ್ತರದಲ್ಲಿ ಹಿಮ ಬೀಳುವ ಕಡೆಯ ನಾಯಿಗಳು."

"ಎರಡು ನಾಯಿ ಹೋಲಿಸ್ಲಿಕ್ಕೆ ಎಂ.ಎ. ಬೇಕಾ ಮಾರಾಯ್ತಿ? ಒಂದು ಕಪ್ಪು, ಒಂದು ಕಂದು. ಮುಗೀತು!"

ನಾಯಿಯ ವಿಷಯದಲ್ಲಿ ಅಪ್ಪ ತಮ್ಮನ್ನು ಪಂಡಿತರೆಂದು ತಿಳಿದಿದ್ದರು, ಯಾಕೆಂದರೆ ನಮ್ಮಲ್ಲೇ ಒಂದು ನಾಯಿ ಇತ್ತು. ಒಂದು ಮಳೆಗಾಲದಲ್ಲಿ ಹಿಂದಿನ ಅಂಗಳದ ಸಿಲಿಂಡರ್ ಗೂಡಿನಲ್ಲಿ ನಡುಗುತ್ತ ಕೂತಿದ್ದ ಕಂದು ಮರಿ. ಅದಕ್ಕೆ ಹೆಸರಿಡುವುದೇ ದೊಡ್ಡ ಸಮಸ್ಯೆಯಾಯಿತು. ದೇವರ ಹೆಸರನ್ನು ನಾಯಿಗೆ ಇಡಬಾರದು, ಇಂಗ್ಲಿಷ್ ಹೆಸರು ಹೋಟೆಲಿನ ಮರ್ಯಾದೆಗೆ ಒಪ್ಪುವುದಿಲ್ಲ. ಕೊನೆಗೆ ನಮ್ಮ ಊರ ಕಡೆ ಹೋಟೆಲ್ ಹುಡುಗರನ್ನೆಲ್ಲ ಕರೆಯುವ ಹಾಗೆ ಅದನ್ನೂ ಮಾಣಿ ಎಂದೇ ಕರೆದರು. ಅಪ್ಪ ಗಲ್ಲಾದಿಂದ "ಮಾಣೀ" ಎಂದು ಕೂಗಿದರೆ ಒಬ್ಬ ಸಪ್ಲೈಯರ್ ನೀರಿನ ಲೋಟ ಹಿಡಿದು ಬರುತ್ತಿದ್ದ, ಹಿಂದಿನಿಂದ ನಾಯಿ ಬಾಲ ಅಲ್ಲಾಡಿಸುತ್ತ ಬರುತ್ತಿತ್ತು. ಸಪ್ಲೈಯರ್‌ಗಳಿಗೆ ಅದರಿಂದ ಬೇಸರವಾಗಿದ್ದರೂ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ನಮ್ಮ ಹೋಟೆಲಿಗೆ ಒಂದು ಕಟ್ಟುಕಟ್ಟಳೆ ಇತ್ತು. ಕೆಲಸಕ್ಕೆ ಬರುವವರಲ್ಲಿ ಮುಕ್ಕಾಲು ಪಾಲು ಜನ ನಮ್ಮ ಕರಾವಳಿಯವರು, ಮೀನಿನ ಸಾರಿಲ್ಲದೆ ಅನ್ನ ಗಂಟಲಲ್ಲಿ ಇಳಿಯದವರು. ಅಪ್ಪನೋ ಈರುಳ್ಳಿ ಹೆಚ್ಚಿದ ಕತ್ತಿಯನ್ನೇ ಬೇರೆ ಇಡುವವರು. ಆದ್ದರಿಂದ ಹೊಸಬ ಬಂದ ಮೊದಲ ದಿನ ಗಲ್ಲಾದ ಮೇಲಿನ ದೇವರ ಪಟದ ಮುಂದೆ ದೀಪ ಹಚ್ಚಿ, "ಈ ಹೋಟೆಲಿನ ಅನ್ನ ಉಣ್ಣುವಷ್ಟು ಕಾಲ ಮೀನು ಮಾಂಸ ಮುಟ್ಟುವುದಿಲ್ಲ" ಎಂದು ಪ್ರಮಾಣ ಮಾಡಬೇಕಿತ್ತು. ಪ್ರಮಾಣ ತಪ್ಪಿದವರಿಗೆ ಊರಿನ ಬಸ್ಸು. ಹಾಗೆ ಒಬ್ಬಿಬ್ಬರನ್ನು ಅಪ್ಪ ಕಳಿಸಿಯೂ ಇದ್ದರಂತೆ.

ನಾಯಿಮರಿಯನ್ನೂ ಬಿಡಲಿಲ್ಲ. ಅದನ್ನು ಎರಡು ಕೈಯಲ್ಲಿ ಎತ್ತಿ ಪಟದ ಮುಂದೆ ಹಿಡಿದು, ಅದರ ಪರವಾಗಿ ತಾವೇ ಪ್ರಮಾಣ ಹೇಳಿದರು. ಮರಿ ಊದಿನಕಡ್ಡಿಯ ಹೊಗೆಗೆ ಸೀನಿತು. "ಒಪ್ಪಿತು" ಎಂದರು ಅಪ್ಪ.

ಆಮೇಲೆ ಅದಕ್ಕೆ ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಮೊಸರನ್ನ, ಸಂಜೆ ಮುರಿದ ವಡೆ. ಏಕಾದಶಿಯಂದು ಅಪ್ಪನ ಜೊತೆ ನೆನೆಸಿದ ಅವಲಕ್ಕಿ. ರೈಲಿಗೆ ಹೋಗುವ ಅವಸರದ ಗಿರಾಕಿಯನ್ನೂ ನಿಲ್ಲಿಸಿ ಅಪ್ಪ ಹೇಳುತ್ತಿದ್ದರು: "ನೋಡಿ ಸ್ವಾಮಿ, ನಮ್ಮ ಮಾಣಿ. ಮುಂದೆ ಮೊಟ್ಟೆ ಇಟ್ರೂ ಮೂಸುವುದಿಲ್ಲ." ಸಸ್ಯಾಹಾರಿ ಹೋಟೆಲಿನಲ್ಲಿ ಅದರ ಮುಂದೆ ಮೊಟ್ಟೆ ಇಡುವವರು ಯಾರು? ಹಾಗಾಗಿ ಆ ಮಾತು ಸುಳ್ಳೆಂದು ಯಾರೂ ಸಾಧಿಸಲಿಲ್ಲ.

ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಶುರುವಾಗುವ ಮೊದಲು ಹೋಟೆಲಿನಲ್ಲಿ ಸ್ವಲ್ಪ ಹೊತ್ತು ಬಿಡುವು ಸಿಗುತ್ತಿತ್ತು. ಫ್ಯಾನಿನ ಕೆಳಗಿನ ಮೇಜಿನಲ್ಲಿ ನಾನು ಪುಸ್ತಕ ಹರಡಿಕೊಂಡು ಕೂರುತ್ತಿದ್ದೆ. ಮೊದಲ ದಿನ ಅಪ್ಪ, "ಎಂತ ಉಂಟು ಅದರಲ್ಲಿ, ಸ್ವಲ್ಪ ಹೇಳು ನೋಡುವಾ" ಎಂದರು. ಮರುದಿನ ದೋಸೆ ಮಾಸ್ಟರೂ ಎಣ್ಣೆ ಡಬ್ಬ ಎಳೆದುಕೊಂಡು ಬಂದು ಕೂತರು. ಮೇಜಿನ ಕೆಳಗೆ ಮಾಣಿ ಮಲಗಿತು. ಹೀಗೆ ನನ್ನ ಎಂ.ಎ.ಗೆ ಮೂವರು ಸಹಪಾಠಿಗಳು ಸಿಕ್ಕಿದರು, ಮೂವರಲ್ಲಿ ಗೊರಕೆ ಹೊಡೆಯುತ್ತಿದ್ದದ್ದು ನಾಯಿ ಮಾತ್ರ.

ದೋಸೆ ಮಾಸ್ಟರ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಾನು ಹುಟ್ಟುವ ಮೊದಲೇ ಕುಂದಾಪುರದ ಕಡೆಯಿಂದ ಬಂದು, ಪ್ರಮಾಣ ಮಾಡಿ, ಕಾವಲಿಯ ಮುಂದೆ ನಿಂತವರು. ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಗಂಟಲು. ದೋಸೆ ಸ್ವಲ್ಪ ಸೀದಿದೆ ಎಂದು ಗಿರಾಕಿ ಹೇಳಿದರೆ, "ಕಣ್ಣು ಸೀದಿರ್ಬೇಕು" ಎಂದು ಒಳಗಿನಿಂದಲೇ ಕೂಗುವವರು. ಅವರಿಗೆ ಮಂಗಳವಾರ ರಜೆ. ಬೆಳಿಗ್ಗೆಯೇ ಸೈಕಲ್ ಹತ್ತಿ ಹೊರಡುತ್ತಿದ್ದರು. ಎಲ್ಲಿಗೆ ಎಂದರೆ, "ತಿರುವೊಟ್ಟಿಯೂರು ದೇವಸ್ಥಾನಕ್ಕೆ." ಅಷ್ಟು ದೂರ ಸೈಕಲ್ ತುಳಿದು ದೇವರನ್ನು ನೋಡುವ ಭಕ್ತಿ ಕಂಡು ಅಪ್ಪ, "ಒಳ್ಳೇದು, ಒಳ್ಳೇದು" ಎನ್ನುತ್ತಿದ್ದರು.

ದೇವಸ್ಥಾನದಿಂದ ಸ್ವಲ್ಪ ಆಚೆಗೆ ಸಮುದ್ರ, ದಡದಲ್ಲಿ ದೋಣಿ, ದೋಣಿಯಲ್ಲಿ ಮೀನು ಎನ್ನುವುದು ಹೋಟೆಲಿನ ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ಮೇಲಿನ ಮನೆಯಲ್ಲಿದ್ದ ಅಮ್ಮನಿಗೂ ಗೊತ್ತಿತ್ತು. ಅಪ್ಪನಿಗೊಬ್ಬರಿಗೆ ಗೊತ್ತಾಗದ ಹಾಗೆ ನಾವೆಲ್ಲ ಸೇರಿ ಕಾಪಾಡಿಕೊಂಡು ಬಂದಿದ್ದೆವು. ಮಂಗಳವಾರ ಸಂಜೆ ಮಾಸ್ಟರು ಹಿಂದಿನ ಬಾಗಿಲಿನಿಂದ ಬಂದು, ಅಂಗಳದ ನಲ್ಲಿಯಲ್ಲಿ ಸ್ನಾನ ಮಾಡಿ, ವಿಭೂತಿ ಬಳಿದುಕೊಂಡು ಒಳಗೆ ಬರುತ್ತಿದ್ದರು. ನಲ್ಲಿಯ ಕಟ್ಟೆಯ ಮೇಲೆ ಅಪ್ಪ ಆಗಾಗ ನಿಂಬೆ ಹೋಳುಗಳನ್ನು ಇಟ್ಟು ಹೋಗುತ್ತಿದ್ದರು. ಹಿತ್ತಾಳೆ ಪಾತ್ರೆ ಉಜ್ಜುವವಳಿಗೆ ಎಂದು ನಾನು ತಿಳಿದಿದ್ದೆ.

ಮೊದಲ ಕಾದಂಬರಿಯ ನಾಯಿ ಬೆಚ್ಚಗಿನ ದಕ್ಷಿಣದಲ್ಲಿ, ದೊಡ್ಡ ಮನುಷ್ಯರೊಬ್ಬರ ಬಂಗಲೆಯಲ್ಲಿ ರಾಜನ ಹಾಗೆ ಇರುತ್ತದೆ. ಅದನ್ನು ಕದ್ದು ಮಾರುತ್ತಾರೆ. ಉತ್ತರದಲ್ಲಿ ಚಿನ್ನ ಸಿಕ್ಕಿದೆ, ಹಿಮದ ಮೇಲೆ ಬಂಡಿ ಎಳೆಯಲು ದಪ್ಪ ಕೂದಲಿನ ನಾಯಿಗಳು ಬೇಕು. ದೊಣ್ಣೆ ಏಟು, ಹಸಿವು, ಕಚ್ಚಾಟ. ಕದ್ದು ತಿನ್ನುವುದನ್ನೂ ಕಲಿಯುತ್ತದೆ, ಕೊಲ್ಲುವುದನ್ನೂ ಕಲಿಯುತ್ತದೆ. ಕೊನೆಗೆ ಪ್ರೀತಿ ಕೊಟ್ಟ ಒಬ್ಬ ಒಡೆಯನೂ ಸತ್ತುಹೋದ ಮೇಲೆ ತೋಳಗಳ ಗುಂಪು ಸೇರಿ ಕಾಡಿಗೇ ಹೋಗಿಬಿಡುತ್ತದೆ.

ನಾನು ಇಂಗ್ಲಿಷ್ ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಅಪ್ಪನ ಮೊದಲ ತಕರಾರು ಊಟದ ವಿಷಯದಲ್ಲೇ ಬಂತು. "ಮಾಂಸ ಮಾಂಸ ಅಂತ ಹೇಳ್ಬೇಡ, ನಾಲ್ಕು ಜನ ಊಟ ಮಾಡುವ ಮೇಜು ಇದು. ಆಹಾರ ಅಂತ ಹೇಳು." ಸರಿ, ಆಹಾರ ಎಂದೆ. ಆದರೆ ಬಂಡಿಯ ನಾಯಿಗಳಿಗೆ ದಿನವೂ ಒಣಮೀನು ಹಾಕುತ್ತಾರೆ ಎನ್ನುವ ಜಾಗ ಬಂದಾಗ ಬಾಯಿ ತಪ್ಪಿ ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಟ್ಟೆ.

ಮಾಸ್ಟರು ಡಬ್ಬದ ಮೇಲೆ ನೆಟ್ಟಗಾದರು. "ಯಾವ ಮೀನು ಅಕ್ಕಾ?"

"ನಿಂಗೆ ಯಾವ ಮೀನಾದ್ರೆ ಎಂತ?" ಅಪ್ಪ ಕೇಳಿದರು.

"ಅಲ್ಲ, ಕಥೆ ಸರಿ ಅರ್ಥ ಆಗ್ಬೇಕಲ್ಲ ಧಣಿ!"

ಹಿಮದ ವಿಷಯ ಬಂದಾಗ ಇನ್ನೊಂದು ಅನಾಹುತ ಆಗುವುದರಲ್ಲಿತ್ತು. ನಮ್ಮ ಮೂವರಲ್ಲಿ ಯಾರೂ ಹಿಮ ಕಂಡವರಲ್ಲ. ಹೊರಗೆ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುವ ಬಿಸಿಲು. ನೆಲವೆಲ್ಲ ಮಂಜುಗಡ್ಡೆ, ಅದರ ಮೇಲೆ ನಾಯಿ ಹೇಗೆ ನಿಲ್ಲುತ್ತದೋ ಎಂದು ಅಪ್ಪ ಆಶ್ಚರ್ಯಪಟ್ಟರು. ಮಾಸ್ಟರು ಉತ್ಸಾಹದಿಂದ, "ನಿಲ್ತದೆ ಧಣಿ! ಕಾಲು ಒಂದೊಂದೇ ಎತ್ತಿ ಎತ್ತಿ ಇಡ್ತದೆ, ನಾನೇ ಕಂಡಿದ್ದೇನೆ, ಐಸಿನ ರಾಶಿ ಮೇಲೆ ನಾಯಿ" ಎಂದರು.

"ಎಲ್ಲಿ ಕಂಡದ್ದು?"

ಮಾಸ್ಟರ ಮುಖ ಬಿಳುಚಿಕೊಂಡಿತು. "ಟೀವೀಲಿ."

ಮೀನಿನ ಬುಟ್ಟಿಗೆ ಹಾಕುವ ಐಸು ಎಂದು ನನಗೆ ಹೊಳೆದು ಕೆಮ್ಮು ಬಂತು. ಅಪ್ಪ ನನಗೆ ನೀರು ತರಿಸಿ ಕೊಟ್ಟರು.

ಮೊದಲ ಕಾದಂಬರಿ ಮುಗಿದ ದಿನ ಮಾಸ್ಟರು ಎದ್ದು ನಿಂತು ಮೀಸೆ ಒರೆಸಿಕೊಂಡರು. "ಇದು ಕಥೆ! ಹುಟ್ಟುಗುಣ ಸುಟ್ಟರೂ ಹೋಗುದಿಲ್ಲ. ಎಷ್ಟು ವರ್ಷ ಬಂಗಲೆಯಲ್ಲಿದ್ರೆ ಎಂತ, ರಕ್ತ ರಕ್ತವೇ." ಅಪ್ಪನಿಗೆ ಮಾತ್ರ ಅದು ಸ್ವಲ್ಪವೂ ಹಿಡಿಸಲಿಲ್ಲ. ಒಳ್ಳೆಯ ಮನೆಯಲ್ಲಿ ಬೆಳೆದ ನಾಯಿ ಕಾಡುಪಾಲಾಯಿತು, ಇದರಲ್ಲಿ ಪಾಠ ಮಾಡುವಂಥದ್ದು ಏನಿದೆ ಎಂದು ಕಾಲೇಜಿನವರನ್ನೇ ಬೈದರು.

ಎರಡನೆಯದನ್ನು ಬರೆದವನೂ ಅದೇ ಮನುಷ್ಯ, ಆದರೆ ಕಥೆ ಉಲ್ಟಾ. ಇದು ಕಾಡಿನ ಗುಹೆಯಲ್ಲಿ ಹುಟ್ಟಿದ ಮರಿ, ಮುಕ್ಕಾಲು ಪಾಲು ತೋಳ. ಬರಗಾಲದಲ್ಲಿ ಒಡಹುಟ್ಟಿದವೆಲ್ಲ ಸತ್ತು ಇದೊಂದು ಉಳಿಯುತ್ತದೆ. ಮನುಷ್ಯರ ಕೈಗೆ ಸಿಕ್ಕಿ, ಒಬ್ಬ ಪಾಪಿ ಅದನ್ನು ಬೋನಿನಲ್ಲಿಟ್ಟು ನಾಯಿಕಾಳಗಕ್ಕೆ ಬಿಟ್ಟು ರಾಕ್ಷಸನನ್ನಾಗಿ ಮಾಡುತ್ತಾನೆ. ಆಮೇಲೆ ಒಬ್ಬ ಪುಣ್ಯಾತ್ಮ ಬಿಡಿಸಿಕೊಂಡು, ತಾಳ್ಮೆಯಿಂದ ತಲೆ ಸವರಿ ಸವರಿ ಪಳಗಿಸಿ, ದಕ್ಷಿಣದ ತನ್ನ ಬೆಚ್ಚಗಿನ ಮನೆಗೆ ಕರೆತರುತ್ತಾನೆ. ಅಲ್ಲಿ ಮೊದಮೊದಲು ಅದು ಮನೆಯ ಕೋಳಿಗಳನ್ನೆಲ್ಲ ಮುಗಿಸುತ್ತದೆ. ಒಡೆಯ ಗದರಿಸಿ, ಒಂದು ಮಧ್ಯಾಹ್ನ ಅದನ್ನು ಕೋಳಿಗೂಡಿನಲ್ಲೇ ಕೂಡಿಹಾಕಿದರೆ, ಕೋಳಿಗಳ ನಡುವೆ ತಣ್ಣಗೆ ಮಲಗಿ ನಿದ್ದೆ ಮಾಡುತ್ತದೆ.

ಇದನ್ನು ಕೇಳಿ ಅಪ್ಪ ಮೇಜು ಕುಟ್ಟಿದ ರಭಸಕ್ಕೆ ಮಾಣಿ ಎಚ್ಚರಗೊಂಡು ಬೊಗಳಿತು. "ಕೇಳಿದ್ಯಾ ಮಾಸ್ಟ್ರೆ? ತೋಳ! ತೋಳಕ್ಕೆ ಸಂಸ್ಕಾರ ಕೊಟ್ರೆ ಕೋಳಿ ಮುಟ್ಟುದಿಲ್ಲ. ಇನ್ನು ನಮ್ಮ ಮಾಣಿ ಹುಟ್ಟಾ ನಾಯಿ. ಎಲ್ಲ ಸಾಕುವವನ ಕೈಯಲ್ಲಿ ಉಂಟು."

"ಅದೆಲ್ಲ ಪುಸ್ತಕದಲ್ಲಿ ಧಣಿ. ನಾಯಿಯನ್ನು ಸಿಂಹಾಸನದ ಮೇಲೆ ಕೂರ್ಸಿದ್ರೂ ಅದು..."

"ಹೋಟೆಲಿನಲ್ಲಿ ಆ ಗಾದೆ ಪೂರ್ತಿ ಮಾಡ್ಬೇಡ!"

ಇಬ್ಬರೂ ಎರಡು ಪಕ್ಷವಾದರು. ಕಾವಲಿಯ ಮುಂದಿನಿಂದ ಮಾಸ್ಟರು ಮೊದಲನೆಯದರ ಪರ, ಗಲ್ಲಾದಿಂದ ಅಪ್ಪ ಎರಡನೆಯದರ ಪರ, ನಡುವೆ ಮಸಾಲೆದೋಸೆಗೆ ಕಾದು ಕೂತ ಗಿರಾಕಿಗಳು. ಅಪ್ಪನಿಗೆ ಸಿಟ್ಟು ಬಂದಾಗಲೆಲ್ಲ ವಾದ ಎಲ್ಲಿಗೋ ಹೋಗುತ್ತಿತ್ತು. "ಹುಟ್ಟುಗುಣ ಹೋಗುದಿಲ್ಲ ಅಂತೀಯಲ್ಲ, ನೀನೇ ನೋಡು. ಕಡಲ ಕರೆಯಲ್ಲಿ ಹುಟ್ಟಿದವ, ಇಷ್ಟು ವರ್ಷದಿಂದ ಮೀನು ಮುಟ್ಟಿದ್ದಿಯಾ?" ಆಗ ಮಾಸ್ಟರು ದೋಸೆ ತಿರುವುವುದರಲ್ಲಿ ಬಹಳ ಮಗ್ನರಾಗುತ್ತಿದ್ದರು.

ನನಗೆ ಅಷ್ಟರಲ್ಲಿ ಒಂದು ಹೊಳೆದಿತ್ತು. ಮೊದಲನೆಯದು ಎಲ್ಲಿ ಶುರುವಾಗುತ್ತದೋ ಎರಡನೆಯದು ಅಂಥಲ್ಲೇ ಮುಗಿಯುತ್ತದೆ: ಅದೇ ಬಿಸಿಲು, ಅದೇ ಅಂಗಳ, ನೆಮ್ಮದಿಯಾಗಿ ಮಲಗಿದ ನಾಯಿ. ಹೋಗುವ ದಾರಿ ಒಂದು ಪುಸ್ತಕ, ಬರುವ ದಾರಿ ಇನ್ನೊಂದು. ಇದನ್ನೇ ಹಿಗ್ಗಿಸಿ ಬರೆದರೆ ಪ್ರಬಂಧ ಆಯಿತು ಎಂದು ನಾನು ಹಿಗ್ಗುತ್ತಿರುವಾಗಲೇ ನಮ್ಮ ನಾಯಿ ಕಾಣೆಯಾಯಿತು.

ಅದು ಮಂಗಳವಾರ. ಮಧ್ಯಾಹ್ನ ಅಪ್ಪ ಮೊಸರನ್ನ ಕಲಸಿ, "ಮಾಣೀ" ಎಂದು ಕೂಗಿದರು. ಸಪ್ಲೈಯರ್ ಬಂದ, ನಾಯಿ ಬರಲಿಲ್ಲ. ಸಂಜೆಯಾದರೂ ಇಲ್ಲ. ಮರುದಿನ ಅಪ್ಪ ಪಂಚೆ ಎತ್ತಿ ಕಟ್ಟಿ ಎಗ್ಮೋರ್ ಸ್ಟೇಷನ್ನಿನ ಪ್ಲಾಟ್‌ಫಾರಂಗಳಲ್ಲೆಲ್ಲ ಸುತ್ತಿ ಬಂದರು. ಕೂಲಿಗಳನ್ನು, ಆಟೋದವರನ್ನು, ಮ್ಯೂಸಿಯಂ ಗೇಟಿನ ಕಾವಲುಗಾರನನ್ನು ವಿಚಾರಿಸಿದರು. ವಾಪಸ್ಸು ಬಂದು ಕುರ್ಚಿಯಲ್ಲಿ ಕುಸಿದು ನನ್ನ ಮುಖ ನೋಡಿದರು.

"ಕದ್ಕೊಂಡು ಹೋಗಿದ್ದಾರೆ ಮಗಾ. ನಿನ್ನ ಆ ಪುಸ್ತಕದ ಹಾಗೇ. ಬಂಡಿಗೆ ಕಟ್ಲಿಕ್ಕೆ."

"ಮದ್ರಾಸಿನಲ್ಲಿ ಹಿಮದ ಬಂಡಿ ಎಲ್ಲಿಂದ ಬರ್ತದೆ ಅಪ್ಪ?"

"ಕಳ್ಳರಿಗೆ ಎಂತ, ರೈಲಿಗೆ ಹಾಕಿದ್ರೆ ಆಯ್ತು. ಇಲ್ಲೇ ಉಂಟಲ್ಲ ಸ್ಟೇಷನ್ನು!"

ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಅಪ್ಪ ನಿಜವಾಗಿ ಅಳುವ ಹಾಗಿದ್ದರು. ದಿನವೂ ಮೊಸರನ್ನ ಕಲಸಿ ಹಿಂದಿನ ಬಾಗಿಲ ಬಳಿ ಇಡುವುದು, ಸಂಜೆ ಅದನ್ನು ಕಾಗೆಗೆ ಹಾಕುವುದು. ಊಟಕ್ಕೆ ಕೂತರೆ ಅರ್ಧಕ್ಕೇ ಕೈ ತೊಳೆಯುವುದು. ಅಮ್ಮ, "ನಾನು ತವರಿಗೆ ಹೋಗಿ ತಿಂಗಳು ಕೂತಾಗ ನಿಮ್ಮ ಅಪ್ಪ ಹೊಟ್ಟೆ ತುಂಬ ಉಂಡಿದ್ರು" ಎಂದು ನನ್ನ ಹತ್ತಿರ ಗೊಣಗಿದಳು. ಗೊಣಗಿದರೂ ಅವಳೇ ಹಿಂದಿನ ಬಾಗಿಲನ್ನು ರಾತ್ರಿ ಚಿಲಕ ಹಾಕದೆ ಬಿಡುತ್ತಿದ್ದಳು.

ಮಾಸ್ಟರ ದೋಸೆಯೂ ಕೆಟ್ಟಿತು. ಒಂದು ಕಡೆ ಹಸಿ, ಒಂದು ಕಡೆ ಕರಿ. ಗಿರಾಕಿ ದೂರಿದರೆ ಬಾಯಿ ಬಿಡದೆ ಬೇರೆ ಹಾಕಿಕೊಟ್ಟರು. ಅದನ್ನು ಕಂಡು ನನಗೆ ಅನುಮಾನ ಬಂದು, ರುಬ್ಬುವ ಕೋಣೆಯಲ್ಲಿ ಅವರನ್ನು ಅಡ್ಡಗಟ್ಟಿದೆ. ಗ್ರೈಂಡರಿನ ಸದ್ದಿನ ನಡುವೆ ಅವರು ಎಲ್ಲವನ್ನೂ ಕಾರಿದರು.

ಆ ಮಂಗಳವಾರ ನಾಯಿ ಅವರ ಸೈಕಲ್ಲಿನ ಚೀಲ ಮೂಸಿಕೊಂಡು ಹಿಂದೆ ಬಿದ್ದಿತ್ತು. ರಾಯಪುರಂ ದಾಟಿದ ಮೇಲೆ ತಿರುಗಿ ನೋಡಿದರೆ ನಾಲಿಗೆ ಚಾಚಿ ಓಡಿ ಬರುತ್ತಿದೆ. ತಿರುವೊಟ್ಟಿಯೂರಿನ ದಡ ಮುಟ್ಟಿದ ಮೇಲೆ ಅದು ಮರಳಿನ ಮೇಲೆ ಒಂದು ಬೂತಾಯಿ ಮೀನಿನ ತಲೆ ಕಂಡಿತು. ಮೂಸಿತು. ಆಮೇಲೆ ನಡೆದದ್ದನ್ನು ಹೇಳುವಾಗ ಮಾಸ್ಟರ ದನಿಯಲ್ಲಿ ಗೌರವ ಇತ್ತು. "ಯಾರೂ ಕಲಿಸ್ಲಿಲ್ಲ ಅಕ್ಕ. ಮುಳ್ಳು ಒಂದು ಕಡೆ, ಮೀನು ಒಂದು ಕಡೆ! ಸಂಜೆ ಎಷ್ಟು ಕರೆದ್ರೂ ಬರ್ಲಿಲ್ಲ."

"ಗದರಿಸಿ ಎಳ್ಕೊಂಡು ಬರ್ಬಾರ್ದಿತ್ತಾ?"

"ಒಳಗಿನ ಆಸೆ ಎದ್ರೆ ತಡೀಬಾರ್ದು ಅಂತ ನೀವೇ ಅಲ್ವಾ ಓದಿ ಹೇಳಿದ್ದು?"

"ನಾನು ಹಾಗೆ ಎಲ್ಲಿ ಹೇಳಿದೆ!" ನನಗೆ ಮೈಯೆಲ್ಲ ಉರಿಯಿತು. ಸಾಹಿತ್ಯವನ್ನು ಯಾರು ಯಾರೋ ಏನೇನಕ್ಕೋ ದೂರಿದ್ದುಂಟು, ಬೂತಾಯಿಗೆ ದೂರಿದ್ದು ಅದೇ ಮೊದಲಿರಬೇಕು. "ಈಗಲೇ ಹೋಗಿ ಅಪ್ಪನಿಗೆ ಹೇಳಿ."

ಮಾಸ್ಟರು ಎರಡೂ ಕೈ ಜೋಡಿಸಿದರು. ಅಷ್ಟು ದೊಡ್ಡ ಮನುಷ್ಯ ಅಷ್ಟು ಸಣ್ಣಗಾದದ್ದನ್ನು ನಾನು ನೋಡಿರಲಿಲ್ಲ. "ನಾಯಿ ಅಲ್ಲಿ ಉಂಟು ಅಂದ್ರೆ, ನಾನು ಅಲ್ಲಿ ಯಾಕಿದ್ದೆ ಅಂತ ಆಗ್ತದೆ. ದೇವರ ಪಟದ ಮುಂದೆ ದೀಪ ಮುಟ್ಟಿ ಹೇಳಿದ್ದು ಅಕ್ಕ. ಧಣಿ ಒಂದು ಮಾತು ಬೈಯ್ಲಿಕ್ಕಿಲ್ಲ, ಬಸ್ಸಿಗೆ ಹತ್ತಿಸ್ತಾರೆ. ಈ ಕಾವಲಿ ಬಿಟ್ರೆ ನಂಗೆ ಬೇರೆ ಕೆಲಸ ಬರ್ತದಾ? ಬೇರೆ ಮನೆ ಉಂಟಾ?" ಮುಂದಿನ ಮಂಗಳವಾರ ಹೇಗಾದರೂ ತರುತ್ತೇನೆ ಎಂದರು. ಮುಂದಿನ ಮಂಗಳವಾರ ಹಗ್ಗ ತೆಗೆದುಕೊಂಡು ಹೋದವರು ಹಗ್ಗದ ಜೊತೆಗೇ ಬಂದರು.

ಹಾಗೆಂದು ನಾನು ಹೋಗಿ ಹೇಳಿಬಿಡಲಾದೀತೇ? ಹೇಳಿದರೆ ಮಾಸ್ಟರಿಗೆ ಊರಿನ ಬಸ್ಸು, ಹೇಳದಿದ್ದರೆ ಅಪ್ಪನಿಗೆ ಅರ್ಧ ಊಟ.

ಮರುದಿನ ಮಧ್ಯಾಹ್ನ ಅಪ್ಪ ತಾವಾಗಿಯೇ ಮೇಜಿಗೆ ಬಂದು ಕೂತರು. "ಆ ಮೊದಲನೇ ಪುಸ್ತಕದ ಕೊನೆ ಇನ್ನೊಮ್ಮೆ ಹೇಳು ಮಗಾ." ನಾನು ಹೇಳಿದೆ: ಕಾಡು ಸೇರಿದ ನಾಯಿ ತನ್ನ ಒಡೆಯ ಸತ್ತ ಕಣಿವೆಗೆ ವರ್ಷಕ್ಕೊಮ್ಮೆ ಒಂಟಿಯಾಗಿ ಬರುತ್ತದೆ, ಸ್ವಲ್ಪ ಹೊತ್ತು ನಿಂತು ಒಮ್ಮೆ ಊಳಿಟ್ಟು ಹೋಗುತ್ತದೆ. ಅಪ್ಪ ಹೆಗಲ ಮೇಲಿನ ಶಾಲಿನಿಂದ ಮೂಗು ಒರೆಸಿಕೊಂಡರು. "ವರ್ಷಕ್ಕೊಮ್ಮೆಯಾದ್ರೂ ಬರ್ತದಲ್ಲ. ಅಷ್ಟು ಸಾಕು."

ಎಣ್ಣೆ ಡಬ್ಬದ ಮೇಲೆ ಕೂತಿದ್ದ ಮಾಸ್ಟರಿಗೆ ಅದು ತಡೆಯಲಾಗಲಿಲ್ಲ. "ಧಣಿ," ಎಂದರು, "ನಾಯಿ ತಿರುವೊಟ್ಟಿಯೂರಿನಲ್ಲಿ ಉಂಟು." ಆಮೇಲೆ ಧೈರ್ಯ ಸಾಲದೆ ಸೇರಿಸಿದರು, "ದೇವಸ್ಥಾನದ ಹತ್ರ."

ಅಪ್ಪ ಮಾಸ್ಟರ ಮುಖವನ್ನೇ ಒಂದು ಗಳಿಗೆ ನೋಡಿದರು. "ದೇವಸ್ಥಾನಕ್ಕೆ ಹೋಗಿದೆಯಾ?" ಎಂದರು. "ನೋಡಿದ್ಯಾ ಸಂಸ್ಕಾರ!"

ಗಲ್ಲಾವನ್ನು ಅಮ್ಮನಿಗೆ ಒಪ್ಪಿಸಿ ಮೂವರೂ ಆಟೋ ಹತ್ತಿದೆವು. ದಾರಿಯುದ್ದಕ್ಕೂ ಅಪ್ಪ ಆ ದೇವಸ್ಥಾನದ ಮಹಿಮೆ ಕೇಳಿದರು. ಗೋಪುರಕ್ಕೆ ಎಷ್ಟು ನೆಲೆ, ಬಾಗಿಲು ಯಾವ ದಿಕ್ಕಿಗೆ, ಪ್ರಸಾದಕ್ಕೆ ಏನು ಕೊಡುತ್ತಾರೆ. ವರ್ಷಗಟ್ಟಲೆ ಪ್ರತಿ ಮಂಗಳವಾರ ಅಲ್ಲಿಗೆ ಹೋದ ಭಕ್ತರು ಒಂದಕ್ಕೂ ಸರಿಯಾಗಿ ಉತ್ತರ ಕೊಡದೆ ಕರವಸ್ತ್ರದಲ್ಲಿ ಕುತ್ತಿಗೆ ಒರೆಸುತ್ತ ಕೂತರು. ನಾನು ಹೊರಗೆ ನೋಡುತ್ತ ಕೂತೆ.

ದೇವಸ್ಥಾನದ ಸುತ್ತ ಹುಡುಕಿದೆವು. ನಾಯಿ ಇರಲಿಲ್ಲ. ಅಪ್ಪ ಕೈ ಮುಗಿದು, ಗಾಳಿಯನ್ನೊಮ್ಮೆ ಮೂಸಿ, ಶಾಲಿನಿಂದ ಮೂಗು ಮುಚ್ಚಿಕೊಂಡು ಸಮುದ್ರದ ಕಡೆಗೆ ನಡೆಯತೊಡಗಿದರು. ಮಾಸ್ಟರು ನನ್ನ ಕಡೆ ನೋಡಿದ ನೋಟ ಇವತ್ತಿಗೂ ನೆನಪಿದೆ.

ದಡದಲ್ಲಿ ದೋಣಿಗಳು ಬಂದಿದ್ದವು. ಬುಟ್ಟಿಗಳ ಸಾಲಿನ ಆಚೆ ಜಜ್ಜಿದ ಐಸಿನ ದೊಡ್ಡ ರಾಶಿ, ಬಿಸಿಲಿಗೆ ಹೊಳೆಯುತ್ತಿತ್ತು. ಅದರ ಮೇಲೆ, ಕಾಲು ಒಂದೊಂದೇ ಎತ್ತಿ ಎತ್ತಿ ಇಡುತ್ತ, ಬಾಯಲ್ಲಿ ಒಂದು ಮೀನಿನ ತಲೆ ಕಚ್ಚಿಕೊಂಡು ನಮ್ಮ ಮಾಣಿ ನಿಂತಿತ್ತು. ಇಡ್ಲಿ ತಿಂದು ಬೆಳೆದದ್ದು, ವಾರದಲ್ಲೇ ಮೀನು ತಿಂದು ಮೈ ತುಂಬಿಕೊಂಡು ಕಳೆಕಳೆಯಾಗಿತ್ತು. ಎಗ್ಮೋರಿನ ಉತ್ತರದಲ್ಲಿ ಹಿಮವನ್ನೂ ಹುಡುಕಿಕೊಂಡಿತ್ತು ಹಾಳು ನಾಯಿ.

ಅಷ್ಟು ಸಾಲದು ಎಂಬಂತೆ ಪಕ್ಕದ ತಟ್ಟಿ ಹೋಟೆಲಿನಿಂದ ಒಬ್ಬಾಕೆ ಹೊರಗೆ ಬಂದು ಮಾಸ್ಟರನ್ನು ಕಂಡು ಬಾಯ್ತುಂಬ ನಕ್ಕಳು. "ಎನ್ನಣ್ಣೇ, ಸೆವ್ವಾಯ್‌ಕೆಳಮೆ ದಾನೇ ವರುವೀಂಗ?" ಮಂಗಳವಾರ ತಾನೆ ನೀವು ಬರುವುದು, ಇವತ್ತೇನು ಬಂದಿರಿ ಎಂದು. ಆಮೇಲೆ ಅಪ್ಪನ ಕಡೆಗೆ ತಿರುಗಿ, ಬಂದವರು ಊಟಕ್ಕೆ ಎಂದು ತಿಳಿದು, ಕೂತುಕೊಳ್ಳಿ ಸ್ವಾಮಿ, ಮೀನು ಸಾರು ಬಿಸಿಯಾಗಿದೆ ಎಂದು ಬೆಂಚು ಒರೆಸಿದಳು.

ನಮ್ಮ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ತಮಿಳು ಬರುತ್ತಿದ್ದದ್ದು ಅಪ್ಪನಿಗೆ. ಮಾಸ್ಟರು ತಲೆ ತಗ್ಗಿಸಿ ಮರಳು ನೋಡುತ್ತ ನಿಂತರು. ನನಗೆ ಊರಿನ ಬಸ್ಸು ಕಣ್ಣ ಮುಂದೆ ಬಂದು ನಿಂತ ಹಾಗಾಯಿತು.

ಅಪ್ಪ ಆಕೆಗೆ ಕೈ ಮುಗಿದು, "ಊಟ ಆಗಿದೆ ಅಮ್ಮಾ" ಎಂದು ತಮಿಳಿನಲ್ಲೇ ಮರ್ಯಾದೆಯಿಂದ ಹೇಳಿದರು. ಆಮೇಲೆ ಶಾಲು ಮೂಗಿನಿಂದ ತೆಗೆದು ಕೂಗಿದರು. "ಮಾಣೀ!"

ನಾಯಿ ಕಿವಿ ನಿಮಿರಿಸಿತು. ಮೀನಿನ ರಾಶಿಯ ಕಡೆ ನೋಡಿತು, ಅಪ್ಪನ ಕಡೆ ನೋಡಿತು. ನಾನು ಎರಡು ಕಾದಂಬರಿಗಳನ್ನು ಓದಿದವಳು, ಆದರೂ ಅದು ಯಾವುದನ್ನು ಆರಿಸುತ್ತದೆ ಎಂದು ನನಗೆ ತಿಳಿಯಲಿಲ್ಲ. ಅದು ಎರಡನ್ನೂ ಆರಿಸಿತು. ಮೀನಿನ ತಲೆಯನ್ನು ಬಿಡದೆ ಓಡಿ ಬಂದು, ಅದನ್ನು ಅಪ್ಪನ ಕಾಲ ಬಳಿ ಇಟ್ಟು, ನೀವೂ ತಿನ್ನಿ ಎನ್ನುವ ಹಾಗೆ ಬಾಲ ಅಲ್ಲಾಡಿಸಿತು. ಅಪ್ಪ ಒಂದು ಹೆಜ್ಜೆ ಹಿಂದೆ ಹೋದರು. ಆಮೇಲೆ ಅಲ್ಲೇ ಮರಳಿನಲ್ಲಿ ಕೂತು, ಮೀನು ನಾರುವ ಆ ತಲೆಯನ್ನು ಎದೆಗೆ ಒತ್ತಿಕೊಂಡರು.

ಬರುವಾಗ ಆಟೋದಲ್ಲಿ ನಾಯಿ ಅಪ್ಪನ ತೊಡೆಯ ಮೇಲೆ. ಹಿಂದಿನ ಬಾಗಿಲಿನಿಂದ ಒಳಗೆ ಬಂದು ಅಪ್ಪ ನಲ್ಲಿ ಬಿಟ್ಟು ನಾಯಿಯನ್ನು ತೊಳೆದರು. ಆಮೇಲೆ ಅಡುಗೆಮನೆಯಿಂದ ಹಿಂಡಿದ ನಿಂಬೆ ಹೋಳು ತಂದು ಮೀನಿನ ವಾಸನೆ ಹೋಗುವ ಹಾಗೆ ತಮ್ಮ ಕೈ ಉಜ್ಜಿಕೊಂಡರು. ಮಾಸ್ಟರು ದೂರದಲ್ಲಿ ನಿಂತು, "ಧಣಿ, ನನ್ನ ಚೀಲ ಕಟ್ಕೊಳ್ತೇನೆ" ಎಂದರು.

"ಎಲ್ಲಿಗೆ?"

"ಊರಿಗೆ. ಪ್ರಮಾಣ ತಪ್ಪಿದೆನಲ್ಲ."

ಅಪ್ಪ ಕೈ ಉಜ್ಜುತ್ತಲೇ ಹೇಳಿದರು. "ವಾರ ವಾರ ದೇವಸ್ಥಾನಕ್ಕೆ ಹೋಗುವವ ಒಂದು ದಿನವಾದ್ರೂ ಪ್ರಸಾದ ತರ್ಬೇಕಲ್ಲ ಮಾರಾಯ? ಇಷ್ಟು ವರ್ಷದಲ್ಲಿ ಒಂದು ಹೂವಿನ ಎಸಳು ತಂದದ್ದುಂಟಾ? ನನ್ನನ್ನು ಎಂತ, ದಡ್ಡ ಅಂತ ಮಾಡಿದ್ಯಾ?" ಒಂದು ಹೋಳನ್ನು ಮಾಸ್ಟರ ಕಡೆಗೆ ಎಸೆದರು. "ಪ್ರತಿ ಮಂಗಳವಾರ ಈ ಕಟ್ಟೆ ಮೇಲೆ ಲಿಂಬೆ ಯಾರಿಗೆ ಇಟ್ಟದ್ದು ಅಂತ ತಿಳಿದಿದ್ದಿ? ಹಿತ್ತಾಳೆಗಾ?"

ಮಾಸ್ಟರು ಹೋಳನ್ನು ಹಿಡಿದುಕೊಂಡು ಅಲ್ಲೇ ಕಟ್ಟೆಯ ಮೇಲೆ ಕೂತರು. ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಮತ್ತೆ ಪ್ರಮಾಣ?" ಎಂದರು.

"ಪ್ರಮಾಣ ಅಡುಗೆಮನೆಗೆ. ನಿನ್ನ ಸೈಕಲ್ಲಿಗಲ್ಲ. ರಜೆಯ ದಿನ ಎಲ್ಲಿಗೆ ಹೋದಿ ಅಂತ ಕೇಳುದು ಯಜಮಾನನ ಕೆಲಸ ಅಲ್ಲ. ಬಂದ ಮೇಲೆ ಸ್ನಾನ ಆಯ್ತಾ ಅಂತ ಕೇಳುದು." ಹಾಗೆ ಹೇಳಿ ನಾಯಿಯ ಮೈ ಒರೆಸುತ್ತ ಇನ್ನೊಂದು ಮಾತು ಸೇರಿಸಿದರು. "ಇವನನ್ನೂ ಕರ್ಕೊಂಡು ಹೋಗು, ಮಂಗಳವಾರ ಮಂಗಳವಾರ. ಇಷ್ಟು ವರ್ಷ ಕೆಲಸ ಮಾಡಿದ್ದಾನೆ, ಪಾಪ, ವಾರಕ್ಕೊಂದು ರಜೆ ಕೊಟ್ಟಿರ್ಲಿಲ್ಲ."

ನಾನು ಆ ರಾತ್ರಿಯೇ ಪ್ರಬಂಧವನ್ನು ತಿದ್ದಿ ಬರೆದೆ. ಒಂದು ನಾಯಿ ಮನೆಯಿಂದ ಕಾಡಿಗೆ ಹೋಯಿತು, ಇನ್ನೊಂದು ಕಾಡಿನಿಂದ ಮನೆಗೆ ಬಂತು. ಎರಡು ಕಥೆಗಳಲ್ಲೂ ಹೋದವರು ಹೋದರು, ಬಂದವರು ಬಂದರು, ಲೇಖಕನಿಗೆ ವಾರದ ರಜೆ ಎನ್ನುವ ಏರ್ಪಾಡು ಗೊತ್ತಿರಲಿಲ್ಲ ಎಂದು ಮುಗಿಸಿದೆ. ನಮ್ಮ ಮೇಡಂ ಕೆಂಪು ಶಾಯಿಯಲ್ಲಿ, ಇದು ಯಾವ ಅಧ್ಯಾಯದಲ್ಲಿದೆ ಎಂದು ಕೇಳಿ ಅಂಕ ಕಡಿಮೆ ಮಾಡಿದರು. ಅಪ್ಪನಿಗೆ ತೋರಿಸಿದಾಗ, "ಅವರು ಹೋಟೆಲ್ ನಡೆಸ್ಲಿಲ್ಲ, ಬಿಡು" ಎಂದರು.

ಆಮೇಲೆ ವರ್ಷಗಟ್ಟಲೆ ಪ್ರತಿ ಮಂಗಳವಾರ ಸೈಕಲ್ಲು ಮುಂದೆ, ನಾಯಿ ಹಿಂದೆ. ಸಂಜೆ ಕಟ್ಟೆಯ ಮೇಲೆ ಎರಡು ಹೋಳು. ಗಿರಾಕಿಗಳ ಮುಂದೆ ಅಪ್ಪನ ಮಾತು ಮಾತ್ರ ಸ್ವಲ್ಪ ಬದಲಾಗಿತ್ತು: "ನಮ್ಮ ಮಾಣಿ ಹೋಟೆಲಿನ ಒಳಗೆ ಮೊಟ್ಟೆ ಇಟ್ರೂ ಮೂಸುವುದಿಲ್ಲ."

ಹೊಸ ಶತಮಾನ ಬಂದು ಕೆಲವು ವರ್ಷಗಳಾದ ಮೇಲೆ ಮಾಸ್ಟರು ಎದೆನೋವಿನಿಂದ ತೀರಿಕೊಂಡರು. ಸಂಜೆಯ ತಿಂಡಿಯ ಹೊತ್ತಿನಲ್ಲಿ, ಕಾವಲಿಯ ಮುಂದೆಯೇ. ಅಷ್ಟರಲ್ಲಿ ನಾನು ಮದುವೆಯಾಗಿ ಅಣ್ಣಾ ನಗರ್‌ನಲ್ಲಿದ್ದೆ. ಒಂದು ಮಂಗಳವಾರ ಮಧ್ಯಾಹ್ನ ತವರಿಗೆ ಬಂದರೆ ಗಲ್ಲಾದಲ್ಲಿ ಅಮ್ಮ ಕೂತಿದ್ದಳು. ಅಪ್ಪ ಎಲ್ಲಿ ಎಂದರೆ, ದೇವಸ್ಥಾನಕ್ಕೆ ಎಂದಳು. ನನ್ನ ಮುಖ ನೋಡಲಿಲ್ಲ.

ನಾನು ಆಟೋ ಹಿಡಿದು ತಿರುವೊಟ್ಟಿಯೂರಿಗೆ ಹೋದೆ. ತಟ್ಟಿ ಹೋಟೆಲಿನ ಬೆಂಚಿನ ತುದಿಯಲ್ಲಿ, ಮುಖವನ್ನು ರಸ್ತೆಯ ಕಡೆ ತಿರುಗಿಸಿ, ಶಾಲಿನಿಂದ ಮೂಗು ಬಿಗಿಯಾಗಿ ಮುಚ್ಚಿಕೊಂಡು ಅಪ್ಪ ಕೂತಿದ್ದರು. ಅವರ ಬೆನ್ನ ಹಿಂದೆ, ಹಲ್ಲು ಉದುರಿ ಓಡಲಾರದ ಮಾಣಿಗೆ ಆ ಹೆಂಗಸು ಮುಳ್ಳು ಬಿಡಿಸಿದ ಮೀನನ್ನು ತುತ್ತು ತುತ್ತಾಗಿ ತಿನ್ನಿಸುತ್ತಿದ್ದಳು. ನನ್ನನ್ನು ಕಂಡು ಅಪ್ಪ ಶಾಲು ತೆಗೆಯದೆಯೇ ಕೇಳಿದರು, "ತಿಂದು ಮುಗೀತಾ ನೋಡು ಮಗಾ. ನಂಗೆ ತಿರುಗ್ಲಿಕ್ಕೆ ಆಗುದಿಲ್ಲ."

"ಇನ್ನೂ ಸ್ವಲ್ಪ ಉಂಟು ಅಪ್ಪ" ಎಂದೆ.

"ಹಾಗಾದ್ರೆ ಕೂತ್ಕೋ. ಅವಸರ ಮಾಡುದು ಬೇಡ, ಅವನ ರಜೆ."

ಮೂವರೂ ಒಂದೇ ಆಟೋದಲ್ಲಿ ಬಂದೆವು. ಹಿಂದಿನ ಅಂಗಳದ ಕಟ್ಟೆಯ ಮೇಲೆ ಅಮ್ಮ ನಿಂಬೆ ಹೋಳು ಇಟ್ಟಿದ್ದಳು. ಅಪ್ಪ ನಾಯಿಯನ್ನು ತೊಳೆದರು, ತಾವೂ ಸ್ನಾನ ಮಾಡಿದರು. ಎರಡು ಹೋಳು ಮುಗಿದ ಮೇಲೂ ಕಟ್ಟೆಯ ಮೇಲೆ ಮೂರನೆಯದೊಂದು ಉಳಿದಿತ್ತು. ಅದನ್ನು ಅಮ್ಮ ಮಾಸ್ಟರಿಗೆಂದು ಪ್ರತಿ ಮಂಗಳವಾರವೂ ಇಡುತ್ತಿದ್ದಳು.